ದೌಂಡಿನಲ್ಲೇ ಯಾಕೆ ಅಂದರೆ

ದುಡಿಮೆಗಾರರ ಚರಿತ್ರೆಯ ಸಮ್ಮೇಳನವನ್ನು ಎಲ್ಲಿ ಮಾಡೋಣ ಎಂದು ಪುಣೆಯ ಗೆಳೆಯರು ಕೇಳಿದಾಗ, ದೌಂಡ ಅಂದೆ. ಯಾರೂ ಮಾತಾಡಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಮುಂಬೈಯ ಗಿರಣಗಾಂವ್, ಇಲ್ಲವೇ ಸೊಲ್ಲಾಪುರ. ಎರಡಕ್ಕೂ ಹಕ್ಕಿದೆ. ಮೊದಲನೆಯದು 1982ರ ಗಿರಣಿ ಮುಷ್ಕರ ಕಂಡ ನೆಲ. ಎರಡನೆಯದು 1930ರಲ್ಲಿ ಮಾರ್ಷಲ್ ಲಾ ಕಂಡ ಊರು. ಮಲ್ಲಪ್ಪ ಧನಶೆಟ್ಟಿ ಸೇರಿ ಆ ಊರಿನ ನಾಲ್ವರನ್ನು 1931ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಅವರ ಹೆಸರಿನಲ್ಲಿ ಚೌಕವಿದೆ, ಪುಸ್ತಕಗಳಿವೆ. ದೌಂಡದ ಮೇಲೆ ಬರೆದವರು ಯಾರಿದ್ದಾರೆ?

ಕನ್ನಡಿಗರಿಗೆ ಈ ಊರು ಕಿಟಕಿಯಿಂದಷ್ಟೇ ಗೊತ್ತು. ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಇಲ್ಲಿ ನಿಂತು, ಎಂಜಿನ್ ಈ ತುದಿಯಿಂದ ಆ ತುದಿಗೆ ಬಂದು, ಗಾಡಿ ಬೆನ್ನು ತಿರುಗಿಸಿ ಮನಮಾಡದ ಕಡೆ ಹೊರಡುತ್ತಿತ್ತು. ಜನ ಇಳಿದು ಚಹಾ ಕುಡಿಯುತ್ತಿದ್ದರು. ಆ ಹೊತ್ತಿನಲ್ಲಿ ಪಾಯಿಂಟ್ಸ್‌ಮನ್ ಎಂಜಿನ್ನಿಗೂ ಡಬ್ಬಿಗೂ ನಡುವೆ ಬಗ್ಗಿ ನುಗ್ಗಿ, ಬ್ರೇಕಿನ ಪೈಪು ಬಿಚ್ಚಿ, ತೋಳಿನಷ್ಟು ದಪ್ಪದ ಕೊಂಡಿಯ ಸ್ಕ್ರೂ ತಿರುಗಿಸಿ ಸಡಿಲ ಮಾಡಿ, ಕೊಂಡಿಯನ್ನು ಎರಡೂ ಕೈಯಿಂದ ಎತ್ತಿ ಕೊಕ್ಕೆಯಿಂದ ತಪ್ಪಿಸುತ್ತಿದ್ದ. ಭುಜದ ಎರಡೂ ಕಡೆ ಬಫರು. ಡ್ರೈವರ್ ಒಂದು ಗೇಣು ಹಿಂದೆ ಸರಿದರೂ ಆಯಿತು. ಈಗ ಸ್ಟೇಶನ್ನಿಗೆ ಬರದೆ ನೇರ ಮನಮಾಡದ ಹಾದಿ ಸೇರುವ ಕಾರ್ಡ್ ಲೈನ್ ಆಗಿದೆ, ಆ ಗಾಡಿ ತಿರುಗಿಸುವ ಗೊಡವೆಯಿಲ್ಲ.

ಹಳಿ ಬೊಂಬಾಯಿಯ ಕಡೆಯಿಂದ ಬಂತು. ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿ 1858ರಲ್ಲಿ ಪುಣೆ ಮುಟ್ಟಿತು, 1860ರಲ್ಲಿ ಸೊಲ್ಲಾಪುರ, 1871ರಲ್ಲಿ ರಾಯಚೂರು. ದೌಂಡ–ಮನಮಾಡ ಹಾದಿ 1878ರದು. ಭೀಮೆಯ ದಂಡೆಯ ಹಳ್ಳಿ ಜಂಕ್ಷನ್ ಆದದ್ದು ಹಾಗೆ. ಈ ಹಳಿಗಾಗಿಯೇ ಬೊಂಬಾಯಿ–ಪುಣೆ ನಡುವಿನ ಭೋರ್ ಘಾಟಿನಲ್ಲಿ ಒಂದು ಕಾಲಕ್ಕೆ 40,000ಕ್ಕೂ ಹೆಚ್ಚು ಜನ ಕಲ್ಲು ಒಡೆದರು, ಕಾಲರಾ ಬಂದು ಸಾವಿರಾರು ಮಂದಿ ಸತ್ತರು. ಗುತ್ತಿಗೆದಾರ ಟ್ರೆಡ್‌ವೆಲ್ ತೀರಿಕೊಂಡ ಮೇಲೆ ಅವನ ಹೆಂಡತಿ ಆಲಿಸ್ ಕೆಲಸ ನಡೆಸಿದಳೆಂಬುದು ಎಲ್ಲ ಪುಸ್ತಕದಲ್ಲೂ ಇದೆ. ಬುಟ್ಟಿ ಹೊತ್ತವರ ಹೆಸರು ಯಾವುದರಲ್ಲೂ ಇಲ್ಲ. ನನ್ನ ಹಟಕ್ಕೆ ಮೂಲ ಇದು.

ನಮ್ಮಪ್ಪ ಕಲಬುರಗಿ ಕಡೆಯವರು, ದೌಂಡದ ಉಗಿ ಎಂಜಿನ್ ಶೆಡ್ಡಿನಲ್ಲಿ ಫೈರ್‌ಮನ್. ವಾಡಿ, ಶಹಾಬಾದ್ ಕಡೆಯಿಂದ ಬದಲಿಯಾಗಿ ಬಂದ ಮನೆಗಳು ನಮ್ಮ ಓಣಿಯಲ್ಲಿ ಹಲವಿದ್ದವು. ಮನೆಯ ನೆಲಕ್ಕೂ ಶಹಾಬಾದಿನ ಪರಸಿಯೇ. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿ ಅಪ್ಪ "ನಮ್ಮೂರ ಕಲ್ಲು ತಂಪದ" ಅನ್ನುತ್ತಿದ್ದರು. ನಡುರಾತ್ರಿ ಡ್ಯೂಟಿಗೆ ಕರೆಯಲು ಶೆಡ್ಡಿನ ಕಾಲ್‌ಬಾಯ್ ಕಂದೀಲು ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದ. ಅವನ ಪುಸ್ತಕದಲ್ಲಿ ಸಹಿ ಮಾಡಿ ಅಪ್ಪ ಹೊರಟರೆ ಯಾವಾಗ ಮರಳುವರೆಂದು ಅವ್ವನಿಗೂ ಗೊತ್ತಿರುತ್ತಿರಲಿಲ್ಲ. ಹದಿನಾಲ್ಕು, ಹದಿನಾರು ಗಂಟೆ ಬೆಂಕಿಯ ಮುಂದೆ.

1973ರಲ್ಲಿ ಡ್ರೈವರ್, ಫೈರ್‌ಮನ್‌ಗಳು ದೇಶದುದ್ದಕ್ಕೂ ಕೆಲಸ ನಿಲ್ಲಿಸಿದ ಮೇಲೆ ಹತ್ತು ಗಂಟೆಗಿಂತ ಹೆಚ್ಚು ದುಡಿಸುವುದಿಲ್ಲವೆಂಬ ಮಾತು ಸಿಕ್ಕಿತು. ಮರುವರ್ಷ ಮೇ 8ರಿಂದ ಇಡೀ ರೈಲ್ವೆಯ ಮುಷ್ಕರ. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್; ಅವರನ್ನು ಮೇ 2ರಂದೇ ಲಖನೌದಲ್ಲಿ ಹಿಡಿದಿದ್ದರು. ಮುಷ್ಕರ ನಡೆದ ಇಪ್ಪತ್ತು ದಿನ, ಪೊಲೀಸರ ಕೈಗೆ ಸಿಗಬಾರದೆಂದು, ಅಪ್ಪ ಭೀಮೆಯ ಆಚೆ ಕಬ್ಬಿನ ಗದ್ದೆಯಲ್ಲಿ ಮಲಗುತ್ತಿದ್ದರು. ಅವ್ವ ಭಕ್ಕರಿಯ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಕೇಳಿದವರಿಗೆ ಹುಲ್ಲಿಗೆ ಹೊಂಟೀನಿ ಅನ್ನು ಎಂದು ಹೇಳಿಕೊಟ್ಟಿದ್ದಳು. ಗಂಟಿನ ಮೇಲೆ ಕುಡಗೋಲು ಇಟ್ಟುಕೊಂಡು ಹೋಗುತ್ತಿದ್ದೆ.

ಜಾಗ ದೌಂಡವೆಂದು ನಿಕ್ಕಿಯಾದ ಮೇಲೆ ಯಾರನ್ನು ಜೊತೆಗೆ ಸೇರಿಸಿಕೊಳ್ಳುವುದು ಎಂಬ ತಕರಾರು ಎದ್ದಿತು. ಯೂನಿಯನ್‌ಗಳು ಬೇಕೇ ಬೇಕು. ಚಂದಾ ರಸೀದಿ, ಚಾರ್ಜ್‌ಶೀಟು, ಕರಪತ್ರ ಅವರ ಕಪಾಟಿನಲ್ಲಿವೆ. ಕಾಲೇಜು ಬೇಕು, ಮುದುಕರ ಮಾತು ಧ್ವನಿಮುದ್ರಿಸಿಕೊಳ್ಳಲು ಹುಡುಗರು ಸಿಗುತ್ತಾರೆ. ಆದರೆ ಇಷ್ಟಕ್ಕೇ ನಿಂತರೆ ರೈಲ್ವೆಯ ಕಾಯಂ ಪಟ್ಟಿಯಲ್ಲಿ ಹೆಸರಿದ್ದವರ ಚರಿತ್ರೆ ಮಾತ್ರ ಬರುತ್ತದೆ. ಶೆಡ್ಡಿನ ಬೂದಿಯಲ್ಲಿ ಅರೆಬೆಂದ ಕಲ್ಲಿದ್ದಲು ಆರಿಸಿ ಓಣಿ ಓಣಿ ಮಾರುತ್ತಿದ್ದ ಹೆಂಗಸರು ಯಾವ ಯೂನಿಯನ್ನಿನ ಸದಸ್ಯರು? ಹಳಿಯ ಮೇಲಿನ ಹೊಲಸು ಬಾಚಿದವರು? ದಿನಗೂಲಿಯ ಗ್ಯಾಂಗಿನವರು? ಅದಕ್ಕೇ ಆ ಓಣಿಗಳ ಮಹಿಳಾ ಬಚತ್ ಗಟಗಳ (ಉಳಿತಾಯ ಗುಂಪುಗಳ) ಹೆಸರನ್ನೂ ಆಮಂತ್ರಣದಲ್ಲಿ, ಕಾಲೇಜಿನ ಸಾಲಿನಲ್ಲೇ ಹಾಕಿಸಿದೆ. ಅತಿಥಿಗಳಾಗಿ ಅಲ್ಲ, ನಡೆಸುವವರಾಗಿ.

ಸಭಾಂಗಣದ ವಿಷಯದಲ್ಲೂ ಹೀಗೇ ತಕರಾರಾಯಿತು. ಗೆಳೆಯರು ಪುಣೆ ರಸ್ತೆಯಲ್ಲಿ ಎಸಿ ಸಭಾಂಗಣ ನೋಡಿಟ್ಟಿದ್ದರು. ನಾನು ಅಪ್ಪನ ಜೊತೆಗಾರರಾಗಿದ್ದ, ಈಗ ಎಂಬತ್ತು ದಾಟಿದ ಪಾಯಿಂಟ್ಸ್‌ಮನ್ ಕಾಕಾರನ್ನು ಕೇಳಿದೆ.

"ಅಷ್ಟ್ ದೂರ ನಾವ್ ಹ್ಯಾಂಗ್ ಬರಬೇಕ್ ತಂಗಿ?" ಅಂದರು. "ಟೇಶನ್ ಬಾಜೂಕ ಮಾಡ್ರಿ. ಗಾಡಿ ಸಪ್ಪಳ ಕೇಳಿದ್ರ ನಂಗ ಎಲ್ಲಾ ನೆಪ್ಪಾಗ್ತದ."

ಹಳಿಯ ಪಕ್ಕದ ಒಂದು ಮಂಗಲ ಕಾರ್ಯಾಲಯ ಗೊತ್ತುಮಾಡಿದೆವು. ತಗಡಿನ ಮಾಡು, ಗೂಡ್ಸ್ ಹೋದಾಗ ಮೈಕಿನ ಮಾತೂ ಕೇಳಿಸುವುದಿಲ್ಲ. ಆಗ ಮಾತಾಡುವವರು ನಿಲ್ಲಿಸಲಿ ಎಂದು ಪ್ರತಿ ಗೋಷ್ಠಿಗೂ ಹದಿನೈದು ನಿಮಿಷ ಹೆಚ್ಚಿಗೆ ಇಟ್ಟಿದ್ದೇವೆ. ಮೊದಲನೆಯ ದಿನ ಮೊದಲ ಮಾತು ಕಾಕಾರದು. ಕೊಂಡಿ ಕಳಚುವುದನ್ನು ಕೈಮಾಡಿ ತೋರಿಸುತ್ತೇನೆ, ಕುರ್ಚಿ ಬ್ಯಾಡ, ಎರಡು ಬೆಂಚು ಎದುರುಬದರು ಇಡಿಸು ಎಂದಿದ್ದಾರೆ.