ಹಲ್ಲಿಯೂ ಹಳ್ಳಿಯೂ

ಹೊರಗಿನವರಿಗೆ ಕನ್ನಡ ಕಲಿಸುವ ನನ್ನ ಮೇಜಿನ ಮೇಲೆ ಕಿಟೆಲ್ ನಿಘಂಟು ಸದಾ ಇರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, 1,700ಕ್ಕೂ ಹೆಚ್ಚು ಪುಟಗಳ ಹೊತ್ತಗೆ. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನ ಕೆಲಸಕ್ಕೆಂದು ಈ ನಾಡಿಗೆ ಬಂದಾಗ ಅವರಿಗೆ 21 ವರ್ಷ.

ಅವರು ಹಳೆಯ ಕಾವ್ಯಗಳನ್ನು ಓದಿದರು, ಪಂಡಿತರ ನೆರವು ಪಡೆದರು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಕಿವಿ. ನಿಘಂಟಿನಲ್ಲಿ ಎಷ್ಟೋ ಪದಗಳ ಪಕ್ಕ ಇದು ಮೈಸೂರು ಕಡೆಯದು, ಇದು ದಕ್ಷಿಣ ಮರಾಠಾ ಸೀಮೆಯದು, ಅಂದರೆ ನಮ್ಮ ಧಾರವಾಡದ ಕಡೆಯದು, ಎಂಬ ಗುರುತುಗಳಿವೆ. ನಡುನಡುವೆ ಜನರ ಬಾಯಲ್ಲಿದ್ದ ಗಾದೆಗಳು. ಆಡುವವರ ನಡುವೆ ಕೂತು ಕೇಳದೆ ಇದು ಆಗುವ ಕೆಲಸವಲ್ಲ.

ಜರ್ಮನ್ ಭಾಷೆಯಲ್ಲಿ ನಮ್ಮ ‘ಳ’ ಇಲ್ಲ. ನನ್ನ ಜರ್ಮನ್ ವಿದ್ಯಾರ್ಥಿಯೊಬ್ಬ ಊರು ಸುತ್ತಿ ಬಂದು, “ಮೇಡಂ, ಹಲ್ಲಿಗೆ ಹೋಗಿದ್ದೆ” ಅಂದಿದ್ದ. ನಾಲಿಗೆ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಾಗಿಸುವುದನ್ನು ತೋರಿಸಿದೆ, ಬರಲಿಲ್ಲ. ಮರುದಿನ ಅವನನ್ನು ಸಂತೆಗೆ ಕರೆದುಕೊಂಡು ಹೋದೆ. ಬಾಳೆಹಣ್ಣು, ಬೇಳೆ, ಬೆಳ್ಳುಳ್ಳಿ. ಒಂದು ಗಂಟೆ ಅವನು ಬಾಯಿ ತೆರೆಯಲಿಲ್ಲ, ಬರೀ ಕೇಳಿದ. ಹಿಂದಿರುಗುವಾಗ ಬಸ್ಸಿನಲ್ಲಿ ಮೆಲ್ಲಗೆ, ಸ್ಪಷ್ಟವಾಗಿ, “ಬೆಳ್ಳುಳ್ಳಿ” ಅಂದ.