ಎಸ್ಸೆಸ್ಸೆಲ್ಸಿ ಆದಮೇಲೆ: ಎರಡು ಊರುಗಳ ನೂರು ವರ್ಷ

ಎಸ್ಸೆಸ್ಸೆಲ್ಸಿಯ ಕೊನೆಯ ಪತ್ರಿಕೆ ಬರೆದು ಮನೆಗೆ ಬಂದ ಮಗನ ಬಗ್ಗೆ ಭದ್ರಾವತಿಯ ಅಪ್ಪಂದಿರು ಒಂದು ಕಾಲದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಬ್ಬಿಣದ ಕಾರ್ಖಾನೆ, ಇಲ್ಲವೇ ಕಾಗದದ ಕಾರ್ಖಾನೆ. ಇಪ್ಪತ್ತು ಕಿಲೋಮೀಟರಿಗಿಂತ ಕಡಿಮೆ ದೂರದ ಶಿವಮೊಗ್ಗದಲ್ಲಿ ಲೆಕ್ಕಾಚಾರವೇ ಬೇರೆ. ಅಲ್ಲಿ ಕಾಲೇಜು, ಟೈಪಿಂಗು, ಮೇಷ್ಟರ ಕೆಲಸ, ಸರ್ಕಾರಿ ಗುಮಾಸ್ತಿಕೆ. ಒಂದೇ ಬಿ.ಎಚ್. ರಸ್ತೆಯ ಮೇಲಿರುವ ಈ ಎರಡು ಊರುಗಳು ಹತ್ತನೇ ತರಗತಿಯ ಮಕ್ಕಳನ್ನು ಬೇರೆ ಬೇರೆ ದಾರಿಗೆ ಕಳಿಸಿದವು. ಆ ದಾರಿಗಳ ಕಥೆ ಶಾಲಾ ದಾಖಲೆಗಳಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ, ಕಾರ್ಖಾನೆಯ ಚರಿತ್ರೆಯಲ್ಲೂ ಅದನ್ನು ಹುಡುಕಬೇಕು.

ಕಾರ್ಖಾನೆ ಬರುವ ಮೊದಲು ಮಲೆನಾಡಿನ ಹುಡುಗರಿಗೆ ಓದು ಎಂದರೆ ಊರು ಬಿಡುವುದು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಾಗ ಬಿಡುವ ಕೆಲಸ ಕೊಂಚ ಸಲೀಸಾಯಿತು, ಅಷ್ಟೇ. ತೀರ್ಥಹಳ್ಳಿಯಲ್ಲಿ ಓದಿದ ಕುಪ್ಪಳಿಯ ಪುಟ್ಟಪ್ಪ (ಮುಂದೆ ಕುವೆಂಪು) ಹೈಸ್ಕೂಲಿಗೆಂದು ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯವರೆಗೆ ಹೋಗಬೇಕಾಯಿತು. ಅನುಕೂಲವಿದ್ದ ಮನೆಗಳ ಮಾತು ಇದು. ಉಳಿದವರಿಗೆ ತೋಟ, ಗದ್ದೆ, ಅಡಿಕೆ ಮಂಡಿ.

ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯ ನಸೀಬು ಬದಲಿಸಿದ್ದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಸುತ್ತಲಿನ ಕಾಡು. ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು. ಕಲ್ಲಿದ್ದಲು ದೂರವಿದ್ದುದರಿಂದ ಇಲ್ಲಿ ಅದಿರು ಕರಗಿಸಿದ್ದು ಇದ್ದಿಲಿನಲ್ಲಿ. ಯೋಜನೆ ರೂಪಿಸಿದ್ದು ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಸಂಸ್ಥೆ. ಮೊದಮೊದಲು ಮೇಲಿನ ಹುದ್ದೆಗಳಲ್ಲಿದ್ದವರೂ ಅಮೆರಿಕನ್ನರು. ಕಬ್ಬಿಣದ ಬೆಲೆ ಕುಸಿದಿತ್ತು, ಕಾರ್ಖಾನೆ ನಷ್ಟದಲ್ಲಿತ್ತು. ದಿವಾನಗಿರಿ ಬಿಟ್ಟು ಕೆಲವು ವರ್ಷಗಳಾಗಿದ್ದ ಎಂ. ವಿಶ್ವೇಶ್ವರಯ್ಯನವರನ್ನು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕರೆತಂದರು. 1923ರಿಂದ 1929ರವರೆಗೆ ಅವರು ಅಲ್ಲಿ ಮಾಡಿದ ಕೆಲಸಗಳಲ್ಲಿ ಬಹಳ ದೂರ ಹೋದದ್ದು ಒಂದು: ಹೊರದೇಶದವರು ಕೂತಿದ್ದ ಜಾಗಗಳಿಗೆ ಮೈಸೂರಿನವರನ್ನೇ ತಯಾರು ಮಾಡಿ ಕೂರಿಸಿದ್ದು. ಕಾರ್ಖಾನೆ ಕಬ್ಬಿಣದ ಜೊತೆಗೆ ಕೆಲಸಗಾರರನ್ನೂ ಎರಕ ಹೊಯ್ಯತೊಡಗಿದ್ದು ಆವಾಗ.

ಹೇಗೆ ಕಲಿಸುತ್ತಿದ್ದರು ಎನ್ನುವುದಕ್ಕೆ ಫಿಟ್ಟರ್ ಹುಡುಗನ ಮೊದಲ ದಿನಗಳನ್ನು ನೋಡಬೇಕು. ಎಲ್ಲ ಕಡೆಯ ಫಿಟ್ಟರ್ ತರಬೇತಿಯೂ ಶುರುವಾಗುವುದು ಅರದಿಂದಲೇ. ವೈಸಿಗೆ ಕಚ್ಚಿಸಿದ ಉಕ್ಕಿನ ತುಂಡು, ಎರಡೂ ಕೈಯಲ್ಲಿ ಹಿಡಿದ ಅರ. ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಕೈ ಹಗುರ ಮಾಡಬೇಕು. ತುಸು ಹೊತ್ತಿಗೊಮ್ಮೆ ತುಂಡನ್ನು ಬಿಚ್ಚಿ, ಅದರ ಮೇಲೆ ಟ್ರೈಸ್ಕ್ವೇರ್ ಇಟ್ಟು, ಕಿಟಕಿಯ ಕಡೆಗೆ ಎತ್ತಿ ಹಿಡಿಯುವುದು. ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ಮೊದಲಿನಿಂದ ಉಜ್ಜು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗುವ ಹೊತ್ತಿಗೆ ಸಮತಟ್ಟು ಎಂದರೇನು ಎಂಬುದು ಕೈಗೆ ಗೊತ್ತಾಗಿರುತ್ತದೆ. ಆಮೇಲೆ ಲೇತು, ಎರಕದ ಮರಳು, ಕುಲುಮೆ. ಗಣಿತದ ಪತ್ರಿಕೆಯಲ್ಲಿ ನಲವತ್ತು ಅಂಕ ತೆಗೆದ ಹುಡುಗ ಇಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆಯಲು ಕಲಿಯುತ್ತಿದ್ದ. ಇದನ್ನು ಶಿಕ್ಷಣವೆಂದು ಕರೆಯದೆ ಬರೀ ನೌಕರಿ ಎಂದು ಬರೆದಿಟ್ಟದ್ದು ನಮ್ಮ ಶಿಕ್ಷಣ ಚರಿತ್ರೆಯ ದೊಡ್ಡ ಕೊರತೆ. 1961ರ ಅಪ್ರೆಂಟಿಸ್ ಕಾಯ್ದೆ ಈ ಬಗೆಯ ಕಲಿಕೆಗೆ ದೇಶದಾದ್ಯಂತ ಕಾನೂನಿನ ಚೌಕಟ್ಟು ಕೊಟ್ಟಿತು. ಭದ್ರಾವತಿಯ ವಿ.ಐ.ಎಸ್.ಎಸ್.ಜೆ. ಸರ್ಕಾರಿ ಪಾಲಿಟೆಕ್ನಿಕ್ ಇಂದಿಗೂ ಹತ್ತನೇ ತರಗತಿ ಮುಗಿಸಿದವರನ್ನು ನೇರವಾಗಿ ಡಿಪ್ಲೊಮಾಕ್ಕೆ ಸೇರಿಸಿಕೊಳ್ಳುತ್ತಿದೆ.

ವಿಶ್ವೇಶ್ವರಯ್ಯನವರು ಭದ್ರಾವತಿಯ ಕೆಲಸಕ್ಕೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಮಗೆಂದು ತೆಗೆದುಕೊಳ್ಳಲಿಲ್ಲ. ಆ ಹಣ ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಹೋಗಲಿ ಎಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗಿನ ಎಸ್.ಜೆ. ಪಾಲಿಟೆಕ್ನಿಕ್, ಹುಟ್ಟಿದ್ದು ಹಾಗೆ. ಭದ್ರಾವತಿಯ ಬೆವರಿನ ಒಂದು ಪಾಲು ರಾಜಧಾನಿಯಲ್ಲಿ ಕಸುಬಿನ ಶಾಲೆಯಾಗಿ ನಿಂತಿದೆ ಎಂಬುದು ಭದ್ರಾವತಿಯ ಮಕ್ಕಳಿಗೆ ಪಾಠವಾಗಿ ಹೇಳಬೇಕಾದ ಸಂಗತಿ.

1936ರಲ್ಲಿ ಉಕ್ಕಿನ ಘಟಕ ಬಂತು. ಅದೇ ವರ್ಷ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಬಿದಿರು ಅರೆದು ಕಾಗದ ಮಾಡುವ ಆ ಮಿಲ್ಲು 1981ರಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟನ್ನೂ ತಯಾರಿಸಿತು. ನ್ಯೂಟೌನ್, ಜನ್ನಾಪುರ, ಕಾಗದನಗರಗಳ ಕ್ವಾರ್ಟರ್ಸುಗಳಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳ, ಉರ್ದು ಕೇಳಿಸಿತು. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲವೂ ಕಾರ್ಖಾನೆಯ ಸುತ್ತ ಬೆಳೆದವು. ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ: ಈ ಸಮೃದ್ಧಿಯ ಗೇಟು ಹೆಣ್ಣುಮಕ್ಕಳಿಗೆ ಬಹುಪಾಲು ಮುಚ್ಚಿಯೇ ಇತ್ತು.

ಅವರಿಗೆ ಬಾಗಿಲು ತೆರೆದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಮತ್ತು ಶಿಕ್ಷಕ ತರಬೇತಿಯ ಟಿ.ಸಿ.ಎಚ್. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು 1940ರಲ್ಲಿ ಇಂಟರ್‌ಮೀಡಿಯಟ್ ಕಾಲೇಜಾಗಿ ಶುರುವಾಗಿ ಮಲೆನಾಡಿನ ಮಕ್ಕಳ ಮೈಸೂರು ಪ್ರಯಾಣವನ್ನು ತಪ್ಪಿಸಿತು. 1946ರಲ್ಲಿ ನ್ಯಾಷನಲ್ ಎಜುಕೇಷನ್ ಸೊಸೈಟಿ ಹುಟ್ಟಿತು. ಆದರೂ ನೌಕರಿ ಬೇಗ ಬೇಕಿದ್ದ ಮನೆಗಳಿಗೆ ಎರಡು ವರ್ಷದ ಶಿಕ್ಷಕ ತರಬೇತಿಯೇ ಹತ್ತಿರದ ದಾರಿ. ಆ ಕಾಲಕ್ಕೆ ಅದಕ್ಕೆ ಎಸ್ಸೆಸ್ಸೆಲ್ಸಿ ಸಾಕಿತ್ತು. ಶರಾವತಿ ಯೋಜನೆ, ಭದ್ರಾ ಅಣೆಕಟ್ಟು, ವಿದ್ಯುತ್ ಮಂಡಳಿಗಳೂ ಒಂದಷ್ಟು ಗುಮಾಸ್ತರನ್ನೂ ಮೇಸ್ತ್ರಿಗಳನ್ನೂ ಕೇಳುತ್ತಿದ್ದವು.

ಬೇಸಿಗೆ ಶಿಬಿರ ಎಂಬ ಮಾತು ಬಳಕೆಗೆ ಬರುವ ಮೊದಲೇ ಏಪ್ರಿಲ್–ಮೇ ತಿಂಗಳ ಶಿಬಿರವೆಂದರೆ ಟೈಪಿಂಗ್ ಕ್ಲಾಸು. ಮಹಡಿಯ ಮೇಲಿನ ಉದ್ದ ಕೋಣೆ, ಸಾಲಾಗಿ ರೆಮಿಂಗ್ಟನ್ ಯಂತ್ರಗಳು, ಗಂಟೆಗೊಂದು ಬ್ಯಾಚು. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಪುಟಗಟ್ಟಲೆ ಅದೇ ಸಾಲು. ಕಿರುಬೆರಳಿಗೆ ಬಲ ಸಾಲದೆ ‘ಎ’ ಅಕ್ಷರ ಮಾತ್ರ ಮಸುಕಾಗಿ ಬೀಳುತ್ತಿತ್ತು. ಮೇಷ್ಟ್ರು ಅದನ್ನೇ ನೋಡಿ ಹಾಳೆ ವಾಪಸು ಕೊಡುತ್ತಿದ್ದರು. ಜೂನಿಯರ್, ಸೀನಿಯರ್, ಆಮೇಲೆ ಶಾರ್ಟ್‌ಹ್ಯಾಂಡ್. ಪರೀಕ್ಷೆ ನಡೆಸಿ ಸರ್ಟಿಫಿಕೇಟು ಕೊಡುತ್ತಿದ್ದುದು ಸರ್ಕಾರವೇ ಆದ್ದರಿಂದ ಕಚೇರಿಗಳಲ್ಲಿ ಅದಕ್ಕೆ ಬೆಲೆಯಿತ್ತು.

ಕೆಲಸಕ್ಕೆಂದಲ್ಲದೆ ಮನಸ್ಸಿಗೆಂದು ಕಲಿಯುವ ದಾರಿಗಳೂ ಈ ಜಿಲ್ಲೆಯಲ್ಲಿ ಹತ್ತಿರದಲ್ಲೇ ಇದ್ದವು. ತುಂಗೆಯ ದಡದ ಮತ್ತೂರು–ಹೊಸಹಳ್ಳಿಗಳಲ್ಲಿ ಸಂಸ್ಕೃತ, ಗಮಕ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಮ್ 1980ರಲ್ಲಿ ರಂಗ ಶಿಕ್ಷಣ ಕೇಂದ್ರವನ್ನೇ ತೆರೆದು, ನಾಟಕವೂ ವೃತ್ತಿಯಾಗಬಹುದೆಂದು ಹಳ್ಳಿಯ ಹುಡುಗ ಹುಡುಗಿಯರಿಗೆ ತೋರಿಸಿತು.

ಅದೇ 1980ರಲ್ಲಿ ಶಿವಮೊಗ್ಗಕ್ಕೆ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು ಬಂತು, 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. 1994ರಲ್ಲಿ ಸಿಇಟಿ ಶುರುವಾದದ್ದೇ ತಡ, ಹತ್ತನೇ ತರಗತಿ ಎನ್ನುವುದು ದುಡಿಮೆಗೆ ಹೊರಡುವ ನಿಲ್ದಾಣವಾಗಿ ಉಳಿಯಲಿಲ್ಲ, ಪಿಯು ವಿಜ್ಞಾನಕ್ಕೆ ಸೀಟು ಹಿಡಿಯುವ ಜಾಗವಾಯಿತು. ಇವತ್ತು ಫಲಿತಾಂಶ ಬರುವ ಮೊದಲೇ ಬ್ರಿಜ್ ಕೋರ್ಸು ಶುರುವಾಗಿರುತ್ತದೆ. ಡಾಕ್ಟರು, ಎಂಜಿನಿಯರು ಎಂಬ ಎರಡೇ ಮಾತಿಗೆ ಒಂದಿಡೀ ರಜೆ ಹೋಗುತ್ತದೆ. ನವುಲೆಯ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದ್ದರೂ ಅವುಗಳ ಹೆಸರು ಎಷ್ಟೋ ಮನೆಗಳಲ್ಲಿ ಕೊನೆಗೆ ಬರುತ್ತದೆ.

ಅತ್ತ ಭದ್ರಾವತಿಯಲ್ಲಿ ಗೇಟುಗಳು ಕಿರಿದಾಗುತ್ತ ಹೋದವು. ವಿ.ಐ.ಎಸ್.ಎಲ್. ಎನಿಸಿಕೊಂಡಿದ್ದ ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಸಂಸ್ಥೆ ಸೇಲ್ ಕೈಗೆ ಹೋಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2015ರಲ್ಲಿ ಪೇಪರ್ ಮಿಲ್ಲಿನ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ವಿ.ಐ.ಎಸ್.ಎಲ್. ಮುಚ್ಚಲು ಸೇಲ್ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಕಾರ್ಮಿಕರು ಧರಣಿ ಕೂತರು. ಆಗಸ್ಟ್‌ನಲ್ಲಿ ಒಂದು ಭಾಗ ಮತ್ತೆ ಚಾಲೂ ಆಯಿತು. ನಷ್ಟದ ಪಟ್ಟಿಯಲ್ಲಿ ಟನ್ನು, ಕೋಟಿಗಳೆಲ್ಲ ಬಂದವು. ಅರ ಹಿಡಿಯುವುದನ್ನು ಹಿರಿಯರ ಪಕ್ಕ ನಿಂತು ಕಲಿಯುವ ಒಂದು ದೊಡ್ಡ ಶಾಲೆಯೂ ಬರಿದಾಗುತ್ತಿದೆ ಎಂಬುದನ್ನು ಯಾವ ಲೆಕ್ಕಪತ್ರವೂ ಬರೆದುಕೊಳ್ಳಲಿಲ್ಲ.

ಆ ವಿದ್ಯೆಗೆ ಈಗಲೂ ಬೇಡಿಕೆಯಿದೆ. ಎರಡೂ ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಎರಕ ಹೊಯ್ಯುವ ಕೆಲಸ ನಡೆಯುತ್ತಲೇ ಇದೆ. ಐಟಿಐ ಮುಗಿಸಿದವರಿಗೆ, ಡಿಪ್ಲೊಮಾ ಮಾಡಿದವರಿಗೆ ಅಲ್ಲಿ ಜಾಗವಿದೆ. ಈಚೆಗೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರಗಳು ಬಂದಿರುವುದರಿಂದ, ಗೇಟಿನ ಹೊರಗೆ ನಿಲ್ಲಬೇಕಾಗಿದ್ದ ಹುಡುಗಿಯರಿಗೂ ಆ ಕೆಲಸ ಕಲಿಯುವ ಅವಕಾಶ ತೆರೆದುಕೊಂಡಿದೆ. ಮೇ ತಿಂಗಳಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ದು, ಕರಗಿದ ಕಬ್ಬಿಣ ಅಚ್ಚಿಗೆ ಇಳಿಯುವುದನ್ನು ತೋರಿಸಲು ಶಿವಮೊಗ್ಗದಿಂದಲೂ ಭದ್ರಾವತಿಯಿಂದಲೂ ಒಂದು ಸಿಟಿ ಬಸ್ಸಿನ ದಾರಿ ಸಾಕು.