ಹಾರ್ಮೋನಿಕಾ

ಹಾರ್ಮೋನಿಕಾ: ತುಟಿಗಿಟ್ಟು, ಗಾಳಿಯನ್ನು ಊದಿಯೂ ಒಳಗೆಳೆದುಕೊಂಡೂ ನುಡಿಸುವ ಚಿಕ್ಕ ವಾದ್ಯ. ಕನ್ನಡಿಗರಲ್ಲಿ ಮೌತ್ ಆರ್ಗನ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಒಂದು ತುದಿ ಬಿಗಿದು ಇನ್ನೊಂದು ತುದಿ ಬಿಟ್ಟ ಲೋಹದ ತೆಳು ಪಟ್ಟಿಗಳಾದ ರೀಡುಗಳು ಗಾಳಿಗೆ ಕಂಪಿಸಿ ನಾದ ಹೊರಡಿಸುತ್ತವೆ. ಹಾರ್ಮೋನಿಯಂ, ಅಕಾರ್ಡಿಯನ್‌ಗಳದೂ ಇದೇ ತತ್ತ್ವ. ಚೀನಾದ ಷೆಂಗ್ ಈ ಬಗೆಯ ರೀಡುಳ್ಳ ಪ್ರಾಚೀನ ವಾದ್ಯ.

ಹೆಸರು: ಈ ಹೆಸರು ಮೊದಲು ಬೇರೊಂದು ವಾದ್ಯದ್ದಾಗಿತ್ತು. ಬೆಂಜಮಿನ್ ಫ್ರಾಂಕ್ಲಿನ್ 1761ರಲ್ಲಿ ಗಾಜಿನ ಬಟ್ಟಲುಗಳನ್ನು ಒಂದೇ ಸರಳಿಗೆ ಪೋಣಿಸಿ, ಅವು ತಿರುಗುವಾಗ ಅಂಚನ್ನು ಒದ್ದೆ ಬೆರಳಿನಿಂದ ಮುಟ್ಟಿ ನುಡಿಸುವ ವಾದ್ಯ ರೂಪಿಸಿದ. ಇಟಾಲಿಯನ್ ಭಾಷೆಯ ಮೇಲಿನ ಗೌರವದಿಂದ ಅದನ್ನು ಆರ್ಮೋನಿಕಾ ಎಂದು ಕರೆದ. ಮೊಟ್ಸಾರ್ಟ್ 1791ರಲ್ಲಿ ಅದಕ್ಕಾಗಿ ಕೃತಿ ರಚಿಸಿದ. ಮುಂದೆ ರೀಡಿನ ವಾದ್ಯಗಳು ಬಂದಾಗ ಜರ್ಮನ್ನರು ಅವಕ್ಕೂ ಇದೇ ಹೆಸರಿಟ್ಟರು: ಬಾಯಿಂದ ನುಡಿಸುವುದು ಮುಂಡ್‌ಹಾರ್ಮೋನಿಕಾ, ತಿದಿಯಿರುವುದು ಹ್ಯಾಂಡ್‌ಹಾರ್ಮೋನಿಕಾ. ಅಮೆರಿಕದ ಬ್ಲೂಸ್ ಸಂಗೀತದ ವಾದಕರಿಗೆ ಬಾಯಿಂದ ನುಡಿಸುವ ಹಾರ್ಮೋನಿಕಾ ಎಂದರೆ ಹಾರ್ಪ್.

ಇತಿಹಾಸ: ಜರ್ಮನಿಯ ಬುಷ್‌ಮನ್ 1821ರಲ್ಲಿ ಇದನ್ನು ಕಂಡುಹಿಡಿದನೆಂಬುದು ಹಳೆಯ ಹೇಳಿಕೆ; ಅದಕ್ಕೆ ಗಟ್ಟಿ ಆಧಾರವಿಲ್ಲ. 1820ರ ದಶಕದಲ್ಲಿ ವಿಯೆನ್ನಾದಲ್ಲಿ ಈ ವಾದ್ಯ ತಯಾರಾಗುತ್ತಿತ್ತು. ಇಂದಿನ ಸ್ವರವಿನ್ಯಾಸಕ್ಕೆ ಬೊಹೀಮಿಯಾದ ರಿಖ್ಟರ್‌ನ ಹೆಸರಿದೆ. ಗಡಿಯಾರ ತಯಾರಕನಾಗಿದ್ದ ಮಥಿಯಾಸ್ ಹೋನರ್ 1857ರಲ್ಲಿ ಟ್ರೋಸಿಂಗನ್ ಊರಿನಲ್ಲಿ ತಯಾರಿಕೆ ಆರಂಭಿಸಿದಾಗ ಮೊದಲ ವರ್ಷ ಸಿದ್ಧವಾದವು 650. ಯಂತ್ರಗಳು ಬಂದು, ಅಮೆರಿಕಕ್ಕೆ ರಫ್ತು ಬೆಳೆದು, 1887ರ ಹೊತ್ತಿಗೆ ಉತ್ಪಾದನೆ ವರ್ಷಕ್ಕೆ 10 ಲಕ್ಷಕ್ಕೇರಿತು. ಈ ಕಂಪನಿಯ ಮರೀನ್ ಬ್ಯಾಂಡ್ ಮಾದರಿ 1896ರದು.

ರಚನೆ ಮತ್ತು ವಾದನ: ಸಾಮಾನ್ಯ ಹಾರ್ಮೋನಿಕಾದಲ್ಲಿ 10 ರಂಧ್ರ, 20 ರೀಡುಗಳಿರುತ್ತವೆ. ನಡುವಿನ ಸ್ಥಾಯಿಯಲ್ಲಿ ಊದಿದರೆ ಸ, ಗ, ಪ. ಎಳೆದರೆ ರಿ, ಮ, ದ, ನಿ. ಇವು ಶಂಕರಾಭರಣದ ಸ್ವರಗಳು. ಕೆಳಸ್ಥಾಯಿಯಲ್ಲಿ ಮ, ದ ಇರುವುದಿಲ್ಲ. ಜನಪದ ಹಾಡಿಗೆ ಸ್ವರಮೇಳ ಕೂಡಿಸುವುದೇ ಈ ಜೋಡಣೆಯ ಉದ್ದೇಶ. ಅಮೆರಿಕದ ಕರಿಯ ವಾದಕರು ಇದರ ಬಳಕೆಯನ್ನೇ ತಿರುಗಿಸಿದರು: ಪಂಚಮವನ್ನು ಆಧಾರ ಷಡ್ಜವಾಗಿ ಹಿಡಿದು, ಗಾಳಿಯನ್ನು ಎಳೆಯುತ್ತಲೇ ನಾಲಗೆಯ ಹದದಿಂದ ಸ್ವರವನ್ನು ಕೆಳಕ್ಕೆ ಬಾಗಿಸಿದರು. ಬ್ಲೂಸ್ ಶೈಲಿಗೆ ಇದೇ ತಳಹದಿ. ಈ ಶೈಲಿಯ ವಾದಕ ಲಿಟಲ್ ವಾಲ್ಟರ್ ಮೈಕನ್ನು ಕೈಯಲ್ಲೇ ಹಿಡಿದು ನುಡಿಸಿದ ‘ಜೂಕ್’ 1952ರಲ್ಲಿ ಜನಪ್ರಿಯವಾಯಿತು. ಪಕ್ಕದ ಗುಂಡಿಯೊತ್ತಿ ಹನ್ನೆರಡೂ ಸ್ವರಸ್ಥಾನ ಪಡೆಯುವ ಕ್ರೊಮ್ಯಾಟಿಕ್ ಮಾದರಿ ವಾದ್ಯವನ್ನು ಶಾಸ್ತ್ರೀಯ ವೇದಿಕೆಗೆ ತಂದಿತು; ಸಂಯೋಜಕ ವಾನ್ ವಿಲಿಯಮ್ಸ್ 1951ರಲ್ಲಿ ‘ರೊಮಾನ್ಸ್’ ಕೃತಿಯನ್ನು ಹಾರ್ಮೋನಿಕಾ ವಾದಕ ಲ್ಯಾರಿ ಆಡ್ಲರ್‌ಗಾಗಿ ರಚಿಸಿದ.

ಭಾರತದಲ್ಲಿ: ಈ ವಾದ್ಯ ಮನೆಮಾತಾದದ್ದು ಹಿಂದಿ ಚಿತ್ರಗಳಿಂದ. ‘ದೋಸ್ತಿ’ (1964) ಚಿತ್ರದ ಹಾಡುಗಳಿಗೆ ಆರ್. ಡಿ. ಬರ್ಮನ್ ಇದನ್ನು ನುಡಿಸಿದರು. ರಾಮನಗರದ ಬೆಟ್ಟಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ಯಲ್ಲಿ (1975) ಅಮಿತಾಭ್ ಬಚ್ಚನ್ ಕೈಯಲ್ಲಿ ಕಾಣುವ ಮೌತ್ ಆರ್ಗನ್ನಿನ ನಾದ ಭಾನು ಗುಪ್ತರದು.